ಮೂರನೇ ಸಾಲಿನಲ್ಲಿ ಲಾರಿ ನಿಲ್ಲಿಸಿ

ಫಿಶ್‌ಗಾರ್ಡ್ ಬಂದರು. ರಾತ್ರಿ ಹನ್ನೊಂದೂವರೆ.
ಗಾಳಿ ಜೋರು, ಹಡಗು ತಡ.
ಎಷ್ಟು ತಡ ಅಂತ ಯಾರೂ ಹೇಳುವುದಿಲ್ಲ.
ಇಂಜಿನ್ ಆರಿಸಿ, ಸೀಟಿನ ಹಿಂದಿನಿಂದ
ತಂಬಾಕಿನ ಡಬ್ಬಿ ತೆಗೆಯುತ್ತೇನೆ.
ತಂಬಾಕು ಬಿಟ್ಟು ಒಂಬತ್ತು ವರ್ಷ,
ಡಬ್ಬಿ ಬಿಟ್ಟಿಲ್ಲ.

ಒಳಗೆ ಒಂದು ಸೂಜಿ, ಅದು ಕಳೆದರೆ ಇರಲಿ ಎಂದು ಇನ್ನೊಂದು,
ಉಗುರು ಕತ್ತರಿ,
ಬೂದು ದಾರ (ಯಾವ ಬಣ್ಣದ ಜೊತೆಗೂ ಜಗಳಕ್ಕೆ ನಿಲ್ಲದ್ದು),
ಮತ್ತೆ ಚಿಂದಿ.
ಮೊದಲ ಕಂಪನಿ ಕೊಟ್ಟ ಅಂಗಿ, ಕಾಲರಿನ ಅಡಿಯ ತುಂಡು,
ಮೂವತ್ತು ವರ್ಷ ಬಿಸಿಲೇ ಕಾಣದೆ
ಹೊಸದಾಗೇ ಉಳಿದುಬಿಟ್ಟ ನೀಲಿ.
ಮಗಳು ನೆರಿಸ್‌ಳ ಶಾಲೆಯ ಲಂಗದ ಮಡಿಕೆ.
ಲ್ಯಾಂಪೀಟರಿನ ಲಾಡ್ಜಿನವಳು ಎಸೆಯಲಿದ್ದ ಪರದೆ.
ತಳದಲ್ಲಿ, ಮಡಿಸಿದ ಹಾಗೇ,
ಬೆಥನ್ ಹೋಗುವಾಗ ಮರೆತ ದಿಂಬಿನ ಚೀಲ, ಹಳದಿ ಹೂವಿನದು.
ಅದಕ್ಕೆ ಕತ್ತರಿ ಇನ್ನೂ ಮುಟ್ಟಿಲ್ಲ.

ಕಲಿಸಿದ್ದು ಎಲೂನೆಡ್ ಚಿಕ್ಕಮ್ಮ,
ಹಲಗೆ ಜಾರಿ ನನ್ನ ಕಾಲು ಮುರಿದ ಆ ಹನ್ನೊಂದು ವಾರ.
"ಬಾಯಿ ಸುಮ್ಮನಿರದವನ ಕೈಗೆ ಕೆಲಸ ಕೊಡಬೇಕು" ಅಂದವಳೇ
ಸೂಜಿ ಕೊಟ್ಟಳು.
"ಬಟ್ಟೆ ಹೇಳಿದ ಮಾತು ಕೇಳುವುದಿಲ್ಲ, ಕಾಗದ ಕೇಳುತ್ತದೆ.
ಅದಕ್ಕೇ ಬಟ್ಟೆಯ ಹೊಟ್ಟೆಯಲ್ಲಿ ಕಾಗದ."

ಕಾಗದಕ್ಕೇನು ಬರವೇ ನನಗೆ?
ಸರಕಿನ ಚೀಟಿಗಳನ್ನೇ ಆರು ಮೂಲೆ ಕತ್ತರಿಸುತ್ತೇನೆ.
"ಹದಿನೆಂಟು ಟನ್ ಈರು", ಅಲ್ಲಿಗೆ ಮೂಲೆ.
"ಕೆಟ್ಟರೆ ಚಾಲಕನೇ ಹೊ", ಅಲ್ಲಿಗೆ ಮೂಲೆ.
ಅಂಚನ್ನು ಕಾಗದದ ಮೇಲೆ ಮಡಚಿ, ಉದ್ದುದ್ದ ಕಚ್ಚಾ ಹೊಲಿಗೆ,
ಆರು ಸಲ ಮಡಚಿದರೆ ಅಂಗೈಯಲ್ಲಿ ಒಂದು ಬಿಲ್ಲೆ.
ಆಮೇಲೆ ಎರಡು ಬಿಲ್ಲೆಗಳ ಮುಖಕ್ಕೆ ಮುಖ ಹಚ್ಚಿ
ಅಂಚಿನ ಒಂದೊಂದೇ ಎಳೆ ಎತ್ತಿಕೊಂಡು ಟಾಕು,
ಕಾಗದಕ್ಕೆ ಸೂಜಿ ತಾಗಬಾರದು.
ಸ್ಟೀರಿಂಗಿನ ಮೇಲೆ ಮೊಣಕೈ ಊರಿದರೆ
ಬೆಳಕು ಸರಿಯಾಗಿ ಬೀಳುತ್ತದೆ.

ಪಕ್ಕದ ಲಾರಿಯ ಪೋಲೆಂಡಿನವನು ನೋಡಿ ನಕ್ಕ.
ಹೋದ ತಿಂಗಳು ಒಂದು ಹರಿದ ಕೋಟು ತಂದುಕೊಟ್ಟ,
ನಗದೆ.

ಆಚೆ ದಡದ ರೋಸ್ಲೇರಿನಲ್ಲಿ ನಸುಕು.
ಸುಂಕದವಳು ಬಾಗಿಲು ಬಡಿದಳು, ಎದೆಯ ಪಟ್ಟಿಯಲ್ಲಿ ಡೆವರೂ.
ಸರಕು ಬಿಟ್ಟು ನೇರ ಡಬ್ಬಿಗೆ ಟಾರ್ಚು.
"ಇದೇನಿದು?"
"ಕೌದಿ."
"ಡಬ್ಬಿಯಲ್ಲಿ?"
"ಇನ್ನೂ ಆಗಿಲ್ಲ."
ಏಳು ಬಿಲ್ಲೆಗಳ ಹೂವನ್ನು ಎತ್ತಿ, ಮಗುಚಿ,
ಬೆನ್ನಿನಲ್ಲಿ ಈರುಳ್ಳಿ, ಮೊಸರು, ಹಂಚಿನ ಲೆಕ್ಕ ಓದಿದಳು.
ಮತ್ತೆ ತಿರುಗಿಸಿ, ಕಣ್ಣಿಗೆ ಹತ್ತಿರ ತಂದು,
"ಹೊಲಿಗೆ ಕಾಣುತ್ತಿದೆ" ಅಂದಳು.
ಅಷ್ಟೆ. ಕಂಬ ಮೇಲೆದ್ದಿತು.

ಇಪ್ಪತ್ತು ಮೈಲಿ ಆ ಮಾತು ಪಕ್ಕದ ಸೀಟಿನಲ್ಲೇ ಕೂತು ಬಂತು.
ಎನ್ನಿಸ್ಕಾರ್ಥಿ ಸಿಗುವ ಮೊದಲು ರಸ್ತೆ ಬದಿಗೆ ಹಾಕಿ
ಒಂದು ಬದಿ ಪೂರಾ ಬಿಚ್ಚಿದೆ.
ಹೌದು, ಕಾಣುತ್ತಿತ್ತು.
ಸಣ್ಣಗೆ, ಇನ್ನೂ ಸಣ್ಣಗೆ ಮತ್ತೆ ಹಾಕಿದೆ.

ಆರೂ ಬದಿಗೆ ಜೊತೆ ಸಿಕ್ಕ ಮೇಲೆಯೇ ಕಾಗದ ತೆಗೆಯಬೇಕು,
ಅದು ಚಿಕ್ಕಮ್ಮನ ಕಟ್ಟಳೆ.
ಅವಸರಪಟ್ಟರೆ ಮೂಲೆ ಸೋಲುತ್ತದೆ.
ನಡುವಿನ ನೀಲಿಗೆ ಈಗ ಆರೂ ಬದಿ ತುಂಬಿತ್ತು.
ಕಚ್ಚಾ ದಾರ ಕಿತ್ತು, ಉಗುರಿನಿಂದ ಎಬ್ಬಿಸಿದೆ,
ಬಂತು ಕಾಗದ, ನನ್ನದೇ ಅರ್ಧ ಸಹಿ ಹೊತ್ತು:
"ಗ್ವಿಲಿ". ಉಳಿದದ್ದು ಯಾವ ಬಿಲ್ಲೆಯೊಳಗಿದೆಯೋ.
ಒಂದು ಕಾಗದ ನಾಲ್ಕೈದು ಸಲ ಬಾಳುತ್ತದೆ.
ಮಡಿಕೆ ಬಿಡಿಸಿ ಹಳದಿ ಹೂವಿನ ಮೇಲೆ ಇಟ್ಟು ನೋಡಿದೆ.
ಒಂದಿಡೀ ಹೂ ಒಳಗೆ ಕೂರುತ್ತಿತ್ತು, ಎಲೆ ಮಾತ್ರ ಹೊರಗೆ.
ಕತ್ತರಿ ಕೈಯಲ್ಲಿತ್ತು.

ಹಿಂದೆ ಯಾರೋ ಹಾರ್ನ್ ಒತ್ತಿದರು.
ದಾರ ಸಮೇತ ಸೂಜಿಯನ್ನು ಕಾಲರಿನ ಅಡಿಗೆ ಚುಚ್ಚಿ
ಗೇರ್ ಹಾಕಿದೆ.